ಕಾಶಿಗೆ ಹೊರಟಿದ್ದೀವಿ, ರಾಜಾನನ್ನು ಯಾರ ಕೈಗೆ ಕೊಡೋದು?

ಪ್ರಶ್ನೆ: ಡಾಕ್ಟರೇ, ನಮ್ಮದು ವಿಜಯಪುರ. ನಾನು ಶಾಲೆಯಲ್ಲಿ ಟೀಚರ್. ಮನೆಯಲ್ಲಿ ನಾಲ್ಕು ವರ್ಷದ ಗಂಡು ಮುಧೋಳ ನಾಯಿ ಇದೆ, ಹೆಸರು ರಾಜಾ, 25 ಕೆ.ಜಿ. ತೂಕ. ಚಿನ್ನಿ ಅಂತ ಒಂದು ಹೆಣ್ಣು ಬೆಕ್ಕೂ ಇದೆ. ಮೇ ಮೊದಲ ವಾರ ಅತ್ತೆ-ಮಾವನನ್ನು ಕರೆದುಕೊಂಡು 11 ದಿನ ಕಾಶಿಗೆ ಹೊರಟಿದ್ದೇವೆ. ಹೋದ ವರ್ಷ ಬೆಳಗಾವಿಯಲ್ಲಿ ಮದುವೆ ಇದ್ದಾಗ ರಾಜಾನನ್ನು ನಾಲ್ಕು ದಿನ ಪೋರ್ಟಿಕೋದಲ್ಲಿ ಕಟ್ಟಿ ಹೋಗಿದ್ದೆವು. ಪಕ್ಕದ ಮನೆಯವರು ಎರಡು ಹೊತ್ತು ಊಟ ಹಾಕಿದರು. ಬಂದು ನೋಡಿದರೆ ಚೈನು ಎಳೆದೂ ಎಳೆದೂ ಕೊರಳೆಲ್ಲ ಗಾಯ. ಎರಡು ದಿನದಿಂದ ಊಟ ಮುಟ್ಟಿರಲಿಲ್ಲ. ಆಮೇಲೆ ಚೆನ್ನಾಗೇ ಇತ್ತು. ಆದರೆ ಹನ್ನೆರಡು ದಿನಕ್ಕೆ ಜ್ವರ ಬಂತು, ಮೂಗಿನಿಂದ ರಕ್ತ ಬಂತು. ಇಲ್ಲಿನ ಡಾಕ್ಟರು ಒಂದು ತಿಂಗಳು ಗುಳಿಗೆ ಕೊಟ್ಟು ಉಳಿಸಿದರು. ನಮ್ಮನ್ನು ನೆನೆದು ಕೊರಗಿ ಹೀಗಾಯಿತು ಅಂತ ಎಲ್ಲರೂ ಹೇಳಿದರು. ಈಗ 11 ದಿನ ಅಂದರೆ ಎದೆ ಡವಡವ ಅನ್ನುತ್ತೆ.

ಅತ್ತೆ ಹೇಳೋದು: "ಮನೆ ಕಾಯಾಕ ನಾಯಿ ಇಟ್ಟೀವಿ, ನಾಯಿ ಕಾಯಾಕ ಮನಷ್ಯಾನ್ನ ಇಡೂದೇನ?" ಮೈದುನ ತಿಕೋಟಾ ಹತ್ತಿರದ ತಮ್ಮ ತೋಟದ ವಸ್ತಿಯಲ್ಲಿ ಬಿಡಿ ಅನ್ನುತ್ತಾರೆ. ಅಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ ಇದೆ, ಆಳುಗಳು ಇರುತ್ತಾರೆ. ಬೆಳಗಾವಿಯಲ್ಲಿ ನಾಯಿ ಇಟ್ಟುಕೊಳ್ಳುವ ಬೋರ್ಡಿಂಗ್ ಒಂದಿದೆಯಂತೆ. ನಿದ್ದೆ ಗುಳಿಗೆ ಕೊಟ್ಟು ರೈಲಿನಲ್ಲೇ ಕರೆದುಕೊಂಡು ಹೋಗಬಹುದಾ? ಬೆಕ್ಕಿನ ಚಿಂತೆ ಬೇಡ, ಅದು ಇಲಿ ಹಿಡಿದು ತಿಂದುಕೊಂಡು ಇರುತ್ತೆ ಅಂತಾರೆ, ನಿಜವಾ? ನನ್ನ ಅಕ್ಕನ ಮಗ ಇಲ್ಲೇ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದಾನೆ. ರಾಜಾನಿಗೆ ಅವನೆಂದರೆ ಜೀವ. ಆದರೆ ಹುಡುಗ, ಅವನ ಮೇಲೆ ಹೇಗೆ ಬಿಡೋದು? ದಿನಾ ವಿಡಿಯೋ ಕಾಲ್ ಮಾಡಿ ರಾಜಾನಿಗೆ ನಮ್ಮ ದನಿ ಕೇಳಿಸಿದರೆ ಸಮಾಧಾನ ಆಗುತ್ತಾ?

ಉತ್ತರ: ಅಕ್ಕೋರೇ, ಮೊದಲು ಹೋದ ವರ್ಷದ ಜ್ವರದ ಮಾತು ಮುಗಿಸೋಣ. ನಿಮ್ಮ ಭಯವೆಲ್ಲ ಅಲ್ಲಿಂದಲೇ ಹುಟ್ಟಿದೆ.

ನಾಯಿ ಕೊರಗುವುದು ಸುಳ್ಳಲ್ಲ. ಮನೆಯವರು ಕಾಣದಿದ್ದರೆ ಒಂದೆರಡು ದಿನ ಊಟ ಬಿಡುತ್ತದೆ, ಗೇಟಿನ ಕಡೆ ನೋಡುತ್ತ ಕೂರುತ್ತದೆ, ರಾತ್ರಿ ಊಳಿಡುತ್ತದೆ. ಆದರೆ ಕೊರಗಿನಿಂದ ಮೂಗಿನಲ್ಲಿ ರಕ್ತ ಬರುವುದಿಲ್ಲ. ನೀವು ಬಂದ ಮೇಲೆ ಅದು ಚೆನ್ನಾಗಿತ್ತು, ಹನ್ನೆರಡು ದಿನ ಕಳೆದು ಜ್ವರ ಬಂತು, ಮೂಗಿನಿಂದ ರಕ್ತ ಹೋಯಿತು, ತಿಂಗಳು ಗುಳಿಗೆ ನಡೆಯಿತು. ಇಷ್ಟು ಕೇಳಿದರೆ ನನಗೆ ನೆನಪಾಗುವುದು ಉಣ್ಣಿ ಜ್ವರ. ಉಣ್ಣಿ ಕಚ್ಚಿದಾಗ ಎರ್ಲಿಚಿಯಾ ಅನ್ನುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ಒಂದರಿಂದ ಮೂರು ವಾರ ಸುಮ್ಮನಿರುತ್ತದೆ. ಆಮೇಲೆ ಜ್ವರ, ಊಟ ಬಿಡುವುದು, ಒಸಡು ಬಿಳುಚಿಕೊಳ್ಳುವುದು ಶುರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾದರೆ ಮೂಗಿನಿಂದ ರಕ್ತ ಬರುತ್ತದೆ. ಇದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕೋರ್ಸು ಸಾಮಾನ್ಯವಾಗಿ 28 ದಿನದ್ದು. ರಕ್ತದ ರಿಪೋರ್ಟ್ ನೋಡದೆ ನಾನು ಆಣೆ ಮಾಡುವುದಿಲ್ಲ, ಆದರೆ ನಿಮ್ಮ ಲೆಕ್ಕ ಇದಕ್ಕೆ ಸರಿಯಾಗಿ ಕೂರುತ್ತದೆ. ಹಳೇ ಚೀಟಿ ಇದ್ದರೆ ತೆಗೆದು ನೋಡಿ.

ಅಂದರೆ ಆ ನಾಲ್ಕು ದಿನದಲ್ಲಿ ನಿಜವಾಗಿ ಏನಾಯಿತು? ಊಟ ಬಿದ್ದಿತ್ತು, ನೀರೂ ಇತ್ತು. ಆದರೆ ಯಾರ ಕೈಯೂ ರಾಜಾನ ಮೈಮೇಲೆ ಆಡಲಿಲ್ಲ. ಕಿವಿಯ ಸಂದಿನಲ್ಲಿ ಉಣ್ಣಿ ಕೂತಿದ್ದು, ಕೊರಳು ಕೆತ್ತಿದ್ದು, ತಟ್ಟೆಯಲ್ಲಿ ಊಟ ಹಾಗೇ ಉಳಿದದ್ದು ಯಾವುದೂ ಯಾರ ಕಣ್ಣಿಗೂ ಬೀಳಲಿಲ್ಲ. ಪಕ್ಕದ ಮನೆಯವರದು ತಪ್ಪಲ್ಲ. ಊಟ ಹಾಕಿ ಅಂದಿರಿ, ಹಾಕಿದರು. ನೋಡಿ ಅಂತ ನೀವು ಹೇಳಿರಲಿಲ್ಲ.

ಬಾಗಲಕೋಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರಾಣಿಗಳ ಚಿಕಿತ್ಸೆ ಮಾಡುತ್ತಿದ್ದೇನೆ. ಊರಿಗೆ ಹೋಗಿ ಬಂದವರು ಹೊತ್ತು ತರುವ ನಾಯಿ-ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಕಥೆ ಇದೇ. ಎರಡನೇ ದಿನ ಯಾರಾದರೂ ಗಮನಿಸಿದ್ದರೆ ಒಂದು ಇಂಜೆಕ್ಷನ್ನಿಗೆ ಮುಗಿಯುತ್ತಿದ್ದದ್ದು ಎಂಟನೇ ದಿನ ಸಲೈನ್ ತನಕ ಬಂದಿರುತ್ತದೆ. ಹಾಗಾಗಿ ಎಲ್ಲಿ ಬಿಡೋದು ಅನ್ನುವುದಕ್ಕಿಂತ ಮುಂಚೆ ಯಾರು ನೋಡ್ತಾರೆ ಅಂತ ಕೇಳಿಕೊಳ್ಳಿ. ನೀವು ಬರೆದ ದಾರಿಗಳನ್ನು ಇದೇ ಕಣ್ಣಿನಿಂದ ನೋಡೋಣ.

ಕಟ್ಟಿ ಹೋಗುವುದು: ಇದನ್ನಂತೂ ಬಿಟ್ಟುಬಿಡಿ. ವಿಜಯಪುರದ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ನಾನು ಹೇಳಬೇಕಾಗಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದಿದ್ದರೆ ಏದುಸಿರಿನಿಂದ ಹೆಚ್ಚು ಪ್ರಯೋಜನ ಆಗುವುದಿಲ್ಲ. ಅದರ ಮೈಬಿಸಿ ಮಾಮೂಲಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 106ರ ಮೇಲೆ ಹೋಯಿತೆಂದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ಬಿಡುಬೀಸಾಗಿರುವ ನಾಯಿ ತಾನೇ ಹೋಗಿ ಬಚ್ಚಲ ತಣ್ಣನೆ ನೆಲ ಹುಡುಕಿಕೊಳ್ಳುತ್ತದೆ. ಕಟ್ಟಿದ ನಾಯಿಗೆ ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರುತ್ತದೆ. ಮೇಲೆ ತಗಡಿನ ಪತ್ರಾಸ್ ಹಾಕಿದ್ದರಂತೂ ಕೇಳುವುದೇ ಬೇಡ.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 50ರಿಂದ 60 ಮಿ.ಲೀ. ಬೇಕು. ರಾಜಾನಿಗೆ ತಂಪು ದಿನದಲ್ಲೇ ಒಂದೂಕಾಲರಿಂದ ಒಂದೂವರೆ ಲೀಟರ್. ಬೇಸಿಗೆಯಲ್ಲಿ ಅದರ ಎರಡರಷ್ಟು ಕುಡಿದರೂ ಆಶ್ಚರ್ಯವಿಲ್ಲ. ಸ್ಟೀಲ್ ಬೋಗುಣಿ ಚೈನಿಗೆ ಸಿಕ್ಕಿ ಮಗುಚಿತೆಂದರೆ ಸಂಜೆ ಯಾರಾದರೂ ಬರುವವರೆಗೆ ಒಂದು ಹನಿಯೂ ಇಲ್ಲ. ಮನೆಯಲ್ಲಿ ಹಳೇ ಕಲ್ಲಿನ ಡೋಣಿ, ಅಂದರೆ ನೀರಿನ ತೊಟ್ಟಿ, ಇದ್ದರೆ ಅದನ್ನೇ ಇಡಿ. ಮಗುಚುವುದಿಲ್ಲ, ನೀರೂ ತಂಪಿರುತ್ತದೆ.

ಕಾನೂನೂ ಒಂದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಗಿಡ್ಡ ಚೈನಿನಲ್ಲಿ ಬಹಳ ಹೊತ್ತು ಕಟ್ಟಿಹಾಕುವುದೂ ಅಪರಾಧ, ಸಾಕಷ್ಟು ಅನ್ನ-ನೀರು-ನೆರಳು ಕೊಡದಿರುವುದೂ ಅಪರಾಧ. ನಿಮ್ಮನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ. ಅತ್ತೆಯವರಿಗೆ ಹೇಳಲು ಒಂದು ಮಾತು ಇರಲಿ ಅಂತ.

ತೋಟದ ವಸ್ತಿ: ಕೇಳಲು ಚೆಂದ. ಬಯಲು, ಗಾಳಿ, ಗಿಡದ ನೆರಳು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು "ಒಣದ್ರಾಕ್ಷಿ ಶೆಡ್" ಅನ್ನುವ ಎರಡು ಪದ. ದ್ರಾಕ್ಷಿ, ಅದಕ್ಕಿಂತ ಜಾಸ್ತಿ ನಮ್ಮ ಮಣೂಕ ಅಂದರೆ ಒಣದ್ರಾಕ್ಷಿ, ನಾಯಿಯ ಕಿಡ್ನಿಗೆ ವಿಷ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಅಂತ ಈಚಿನ ವರ್ಷಗಳಲ್ಲಿ ಪಶುವೈದ್ಯರು ಹೇಳುತ್ತಿದ್ದಾರೆ. ಹುಣಸೆಹಣ್ಣಿನಲ್ಲೂ ಇರುವುದು ಅದೇ ಆಮ್ಲ. ಒಂದು ನಾಯಿ ಮುಷ್ಟಿ ತಿಂದು ಓಡಾಡಿಕೊಂಡಿರುತ್ತದೆ, ಇನ್ನೊಂದು ನಾಲ್ಕು ಕಾಳಿಗೇ ಮಲಗುತ್ತದೆ. ಮೊದಲು ವಾಂತಿ, ಮಂಕು. ಎರಡು-ಮೂರು ದಿನದಲ್ಲಿ ಮೂತ್ರ ನಿಂತುಹೋಗಬಹುದು. ತಿಂದ ಕೂಡಲೇ ಗೊತ್ತಾದರೆ ವಾಂತಿ ಮಾಡಿಸಿ ಉಳಿಸಬಹುದು. ಗೊತ್ತಾಗಬೇಕಲ್ಲ! ಫೆಬ್ರವರಿಯಿಂದ ಒಣಗಿಸಿದ ಮಾಲು ಮೇ ತಿಂಗಳಿಗೆ ಶೆಡ್ಡಿನಲ್ಲೇ ಇರುತ್ತದೆ, ನೆಲದ ಮೇಲೆ ಚೆಲ್ಲಿರುತ್ತದೆ. ಆಳುಗಳು ಪ್ರೀತಿಯಿಂದಲೇ ಒಂದು ಹಿಡಿ ಹಾಕಿಯಾರು. ನಾಲ್ಕು ವರ್ಷದ ಹಿಂದೆ ನನ್ನ ಬಳಿಗೆ ಅಂಥದ್ದೇ ಶೆಡ್ಡಿನಿಂದ ಒಂದು ಲ್ಯಾಬ್ರಡಾರ್ ಬಂದಿತ್ತು. "ಏನೂ ಕೊಟ್ಟಿಲ್ರಿ ಸಾಹೇಬ್ರ, ಮಣೂಕಾ ಅಷ್ಟ ತಿಂದೈತಿ" ಅಂದರು. ಮೂರನೇ ದಿನ ಬಂದಿದ್ದರು. ಉಳಿಯಲಿಲ್ಲ.

ಅದು ಬಿಟ್ಟರೂ ತೋಟದಲ್ಲಿ ಸಿಂಪಡಣೆಯ ಔಷಧ ಕಲಸಿದ ಬಕೆಟ್ ಇರುತ್ತದೆ, ಇಲಿ ಪಾಷಾಣ ಇರುತ್ತದೆ, ಸಂಜೆಯಾದರೆ ಕೊಳಕುಮಂಡಲ ಹಾವು ಓಡಾಡುತ್ತದೆ. ಇನ್ನು ಮುಧೋಳ ನಾಯಿಯ ಗುಣ. ಅದು ಮೂಗಿನಿಂದ ಅಲ್ಲ, ಕಣ್ಣಿನಿಂದ ಬೇಟೆ ಆಡುವ ತಳಿ. ದೂರದಲ್ಲಿ ಮೊಲ ಓಡಿದರೂ ಹಿಂದೆ ಹೋಗುತ್ತದೆ, ಪಕ್ಕದ ಹೊಲದ ಮೇಕೆಮರಿ ಓಡಿದರೂ ಹೋಗುತ್ತದೆ. ಆ ಹೊತ್ತಿಗೆ ಕರೆದರೆ ಅದಕ್ಕೆ ಕೇಳಿಸುವುದೇ ಇಲ್ಲ. ಹೊಸ ಜಾಗ, ಕಾಂಪೌಂಡ್ ಇಲ್ಲ, ಯಜಮಾನರಿಲ್ಲ ಅಂದರೆ ಮೊದಲ ರಾತ್ರಿಯೇ ಮನೆ ಹುಡುಕಿಕೊಂಡು ಹೊರಡಬಹುದು. ಮೈದುನರ ಮನಸ್ಸು ದೊಡ್ಡದು, ಆದರೆ ಆ ಜಾಗ ಬೇಡ.

ರೈಲು: ಇದನ್ನು ಬೇಗ ಮುಗಿಸುತ್ತೇನೆ. ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಲು ಫಸ್ಟ್ ಎಸಿಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಬೇಕು. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್ ಯಾವುದರಲ್ಲೂ ಬಿಡುವುದಿಲ್ಲ. ಉಳಿದದ್ದು ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಮೇ ತಿಂಗಳಲ್ಲಿ ಅದರಲ್ಲಿ ಕಾಶಿಯವರೆಗೆ? ಬೇಡ. ನಿದ್ದೆ ಗುಳಿಗೆಯಂತೂ ಖಂಡಿತ ಬೇಡ. ಮಂಪರಿನ ಔಷಧಗಳು ರಕ್ತದೊತ್ತಡ ಇಳಿಸುತ್ತವೆ, ಮೈಬಿಸಿ ನಿಭಾಯಿಸುವ ಶಕ್ತಿಯನ್ನು ಕುಂದಿಸುತ್ತವೆ. ಮುಧೋಳದಂಥ ಸಪೂರ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಮಂಪರು ಔಷಧಗಳು ಅವಕ್ಕೆ ಬೇರೆ ನಾಯಿಗಳಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತವೆ. ಮನೆಯ ಹಿರಿಯರ ನಿದ್ದೆ ಗುಳಿಗೆಯಲ್ಲಿ ಅರ್ಧ ಕೊಟ್ಟು ನೋಡೋಣ ಅನ್ನುವವರೂ ಇದ್ದಾರೆ. ದಯವಿಟ್ಟು ನೋಡಬೇಡಿ.

ಬೋರ್ಡಿಂಗ್: ಇದು ಕೆಟ್ಟದ್ದಲ್ಲ. ಒಳ್ಳೆಯ ಬೋರ್ಡಿಂಗಿನಲ್ಲಿ ನಾಯಿ ಆರಾಮಾಗಿರುತ್ತದೆ. ಆದರೆ ಬೆಳಗಾವಿ ನಿಮಗೆ ಹತ್ತಿರ ಹತ್ತಿರ 200 ಕಿ.ಮೀ., ಫೋಟೋ ನೋಡಿ ದುಡ್ಡು ಕಳಿಸಬೇಡಿ. ಹೋಗಿ ನೋಡಿ. ನಾಯಿಗಳು ಮಲಗುವ ಕೋಣೆ ತೋರಿಸಿ ಅನ್ನಿ. ರಾತ್ರಿ ಅಲ್ಲಿ ಯಾರು ಮಲಗುತ್ತಾರೆ ಅಂತ ಕೇಳಿ. ಸಿಸಿ ಕ್ಯಾಮೆರಾ ಇದೆ ಅನ್ನುವುದು ಅದಕ್ಕೆ ಉತ್ತರವಲ್ಲ. ಗೇಟಿನ ಒಳಗೆ ಇನ್ನೊಂದು ಗೇಟು ಇದೆಯಾ ನೋಡಿ. ಒಂದೇ ಗೇಟು ತೆಗೆದರೆ ರಸ್ತೆ ಅಂತಿದ್ದರೆ ಮುಧೋಳ ನಾಯಿಗೆ ಅದು ಸಾಲದು. ನನ್ನ ಒಂದು ಖಾತ್ರಿ ಪರೀಕ್ಷೆ ಇದೆ: ಅವರು ಲಸಿಕೆ ಪುಸ್ತಕ ಕೇಳುತ್ತಾರಾ? ಕೇಳದಿದ್ದರೆ ವಾಪಸ್ ಬನ್ನಿ. ನಿಮ್ಮ ನಾಯಿಯದು ಕೇಳದವರು ಪಕ್ಕದ ಕೋಣೆಯ ನಾಯಿಯದನ್ನೂ ಕೇಳಿರುವುದಿಲ್ಲ. ಪಾರ್ವೊ, ಡಿಸ್ಟೆಂಪರ್, ಕೆನಲ್ ಕೆಮ್ಮು ಇವೆಲ್ಲ ನಾಯಿಗಳು ಗುಂಪಾಗಿರುವ ಕಡೆ ಹಬ್ಬುವ ರೋಗಗಳು. ರೇಬೀಸ್ ಸೇರಿ ವರ್ಷದ ಲಸಿಕೆ ಬಾಕಿ ಇದ್ದರೆ ಹೊರಡುವ ಎರಡು ವಾರ ಮೊದಲೇ ಹಾಕಿಸಿ. ಹಿಂದಿನ ದಿನ ಚುಚ್ಚಿಸಿದರೆ ಮೈಯಲ್ಲಿ ಶಕ್ತಿ ಹುಟ್ಟಲು ಸಮಯವೇ ಸಿಗುವುದಿಲ್ಲ. ಕೆನಲ್ ಕೆಮ್ಮಿನ ಲಸಿಕೆ ಬೇರೆಯೇ ಇರುತ್ತದೆ, ಕೇಳಿ ಹಾಕಿಸಿಕೊಳ್ಳಿ. ಮತ್ತೆ, ಒಮ್ಮೆಲೆ 11 ದಿನ ಬಿಡಬೇಡಿ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಬಿಟ್ಟು ಕರೆತನ್ನಿ. ನೀವು ತಿರುಗಿ ಬರುತ್ತೀರಿ ಅಂತ ಅದಕ್ಕೊಮ್ಮೆ ಗೊತ್ತಾಗಲಿ.

ಇಷ್ಟು ಹೇಳಿದೆ, ಆದರೆ ನನ್ನ ಮೊದಲ ಆಯ್ಕೆ ಇದ್ಯಾವುದೂ ಅಲ್ಲ. ಪತ್ರದ ಕೊನೆಗೆ ನೀವೇ ಬರೆದು ನೀವೇ ತಳ್ಳಿಹಾಕಿದ ನಿಮ್ಮ ಅಕ್ಕನ ಮಗ. ಹುಡುಗ ಅಂತೀರಿ. ಡಿಗ್ರಿ ಓದುವವನು, ರಾಜಾನಿಗೆ ಗೊತ್ತಿರುವವನು, ಅದೇ ಊರಿನಲ್ಲಿರುವವನು. ಇದಕ್ಕಿಂತ ಇನ್ನೇನು ಬೇಕು? 11 ದಿನ ಅವನು ನಿಮ್ಮ ಮನೆಯಲ್ಲೇ ಮಲಗಲಿ. ರಾಜಾ ತನ್ನ ಮನೆ, ತನ್ನ ಮೂಲೆ, ತನ್ನ ಹೊತ್ತಿನ ಊಟದಲ್ಲೇ ಇರುತ್ತದೆ. ಚಿನ್ನಿಯ ಸಮಸ್ಯೆಯೂ ಅಲ್ಲೇ ಮುಗಿಯುತ್ತದೆ. ಅತ್ತೆಯವರ ಮನೆ ಕಾಯುವ ಚಿಂತೆಯೂ ಹೋಯಿತು, ಅಲ್ವಾ?

ಆದರೆ ಕೀಲಿಕೈ ಕೊಟ್ಟು ಹೊರಟರೆ ಆಗಲಿಲ್ಲ, ಹುಡುಗನನ್ನು ತಯಾರು ಮಾಡಬೇಕು. ಎರಡು ವಾರ ಮೊದಲಿನಿಂದ ವಾರಕ್ಕೆ ಮೂರು-ನಾಲ್ಕು ಸಲ ಅವನೇ ಬಂದು ಊಟ ಹಾಕಲಿ, ವಾಕಿಂಗ್ ಕರೆದೊಯ್ಯಲಿ. ಬೆಳಿಗ್ಗೆ ಏಳರ ಒಳಗೆ, ಸಂಜೆ ನೆಲ ತಣಿದ ಮೇಲೆ. ಡಾಂಬರಿನ ಮೇಲೆ ಅವನ ಅಂಗೈ ಐದು ಸೆಕೆಂಡ್ ನಿಲ್ಲದಿದ್ದರೆ ನಾಯಿಯ ಪಾದವೂ ನಿಲ್ಲುವುದಿಲ್ಲ. ದಿನಾ ಸಂಜೆ ರಾಜಾನ ಮೈಮೇಲೆ ಕೈಯಾಡಿಸುವುದನ್ನು ಕಲಿಸಿ. ಕಿವಿಯ ಒಳಗೆ, ಕೊರಳಪಟ್ಟಿಯ ಕೆಳಗೆ, ಬೆರಳ ಸಂದಿ, ಬಾಲದ ಬುಡ. ತುಟಿ ಎತ್ತಿ ಒಸಡಿನ ಬಣ್ಣ ನೋಡಲಿ. ಈಗ ಗುಲಾಬಿ ಇರುವಾಗಲೇ ನೋಡಿಕೊಂಡರೆ ಬಿಳುಚಿದಾಗ ಗೊತ್ತಾಗುತ್ತದೆ.

ಕೊರಳಪಟ್ಟಿಯ ಬಗ್ಗೆ ಒಂದು ಮಾತು. ಮುಧೋಳ ನಾಯಿಯ ತಲೆ ಸಪೂರ, ಕೊರಳು ದಪ್ಪ. ಸಾದಾ ಬೆಲ್ಟು ಹಾಕಿ ಎಳೆದರೆ ಹಿಂದಕ್ಕೆ ಜಗ್ಗಿ ಸುಲಭವಾಗಿ ಕಳಚಿಕೊಳ್ಳುತ್ತದೆ. ಎದೆಗೂ ಸುತ್ತಿ ಬರುವ ಹಾರ್ನೆಸ್ ತಂದು ಈಗಿನಿಂದಲೇ ರೂಢಿ ಮಾಡಿಸಿ. ಬೆಲ್ಟಿನ ಮೇಲೆ ಹುಡುಗನ ಫೋನ್ ನಂಬರ್ ಇರಲಿ. ಎಷ್ಟೋ ಜನ ತಮ್ಮದೇ ನಂಬರ್ ಹಾಕಿ ಹೋಗುತ್ತಾರೆ. ನಾಯಿ ಗೋಳಗುಮ್ಮಟದ ಹತ್ತಿರ ಸಿಕ್ಕರೆ ಕಾಶಿಯಲ್ಲಿ ಕೂತು ನೀವೇನು ಮಾಡುತ್ತೀರಿ?

ಉಣ್ಣಿ ತಡೆಯುವ ಔಷಧವನ್ನು ಹೊರಡುವ ವಾರದ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಹಾಕಿಸಿ. ಇಲ್ಲಿ ಒಂದು ಎಚ್ಚರ: ನಾಯಿಯ ಬೆನ್ನಿಗೆ ಹಾಕುವ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ಅದು ಬೆಕ್ಕಿಗೆ ಪ್ರಾಣಾಂತಿಕ. ಚಿನ್ನಿ ರಾಜಾನ ಪಕ್ಕದಲ್ಲೇ ಮಲಗುತ್ತಿದ್ದರೆ ಮೈಗೆ ತಾಗಿದರೂ ಸಾಕು. ಮನೆಯಲ್ಲಿ ಬೆಕ್ಕಿದೆ ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ. ಊಟ ಎಷ್ಟು, ಯಾವಾಗ. ಡಾಕ್ಟರ ನಂಬರ್, ನೀವು ಫೋನ್ ಎತ್ತದಿದ್ದರೆ ನಿರ್ಧಾರ ಮಾಡುವ ಹಿರಿಯರೊಬ್ಬರ ನಂಬರ್. ಕೊಡಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ, ಮಣೂಕ ಹಾಕಿದ ಶಿರಾ. ಮಾವಿನ ವಾಟೆ ಕೈಗೆ ಸಿಗದಂತೆ ಇಡಬೇಕು, ಮೇ ತಿಂಗಳಲ್ಲಿ ಅದು ಕರುಳಿಗೆ ಸಿಕ್ಕಿ ಆಪರೇಷನ್ ಮಾಡಿದ್ದು ನನಗೆ ನೆನಪಿದೆ. ಈಗ ರೊಟ್ಟಿ-ಮೊಟ್ಟೆ ತಿನ್ನುತ್ತಿದ್ದರೆ ಅದೇ ಮುಂದುವರಿಯಲಿ. ಹೋಗುವ ಮುಂಚೆ ದುಬಾರಿ ಡಾಗ್ ಫುಡ್ ತಂದು ಒಮ್ಮೆಲೆ ಬದಲಾಯಿಸಿದರೆ ಭೇದಿ ಗ್ಯಾರಂಟಿ. ಮತ್ತೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಮನುಷ್ಯರ ಜ್ವರದ ಗುಳಿಗೆ, ನೋವಿನ ಗುಳಿಗೆ ಕೊಡಬಾರದು. ಒಂದೇ ಒಂದು ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಹುದು. ನಾಯಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುತ್ತದೆ.

ಹುಡುಗ ಯಾವಾಗ ಡಾಕ್ಟರ ಹತ್ತಿರ ಓಡಬೇಕು ಅನ್ನುವುದನ್ನೂ ಈಗಲೇ ಗಟ್ಟಿ ಮಾಡಿ. ಮೊದಲ ದಿನ ರಾಜಾ ಊಟ ಬಿಟ್ಟರೆ, ನೀರು ಕುಡಿದು ಓಡಾಡಿಕೊಂಡಿದ್ದರೆ ಕಾಯಬಹುದು. ಎರಡನೇ ದಿನವೂ ಬಿಟ್ಟರೆ ತೋರಿಸಲಿ. ಪದೇ ಪದೇ ವಾಂತಿ, ರಕ್ತ, ತೂರಾಡುವುದು, ಬಿಡದ ಏದುಸಿರು ಇದ್ದರೆ ಅದೇ ಗಳಿಗೆಯಲ್ಲಿ. ಬಿಸಿಲು ಹೊಡೆದಂತೆ ಕಂಡರೆ ಮೊದಲು ಮೈಮೇಲೆ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಗಾಡಿ ಹತ್ತಿಸಲಿ. ಐಸ್ ಬೇಡ. "ಮಾವಶಿ ಬೈತಾಳ, ದುಡ್ಡು ಯಾರು ಕೊಡ್ತಾರ" ಅಂತ ಹುಡುಗ ಹಿಂಜರಿಯದಂತೆ ಒಂದಿಷ್ಟು ಹಣ ಅವನ ಕೈಯಲ್ಲೇ ಇಡಿ. ಚಿಕಿತ್ಸೆಗೆ ನಮ್ಮ ಒಪ್ಪಿಗೆ ಇದೆ ಅಂತ ಒಂದು ಚೀಟಿ ಬರೆದು ಸಹಿ ಹಾಕಿ. ನಮ್ಮಂಥ ಡಾಕ್ಟರುಗಳಿಗೆ ಅದರಿಂದ ಎಷ್ಟು ಅನುಕೂಲ ಅಂತ ಹೇಳಲಾರೆ.

ಈಗ ಚಿನ್ನಿ. ಬೆಕ್ಕು ಜನಕ್ಕಿಂತ ಮನೆಗೆ ಹೊಂದಿಕೊಳ್ಳುತ್ತೆ ಅನ್ನುವುದು ಅರ್ಧ ನಿಜ. ಅದಕ್ಕೇ ಅದನ್ನು ಬೇರೆ ಕಡೆ ಸಾಗಿಸಬೇಡಿ, ನಾಯಿ ಬೊಗಳುವ ಬೋರ್ಡಿಂಗಿಗಂತೂ ಬೇಡ. ಆದರೆ ಇಲಿ ತಿಂದುಕೊಂಡು ಇರುತ್ತೆ ಅನ್ನುವುದು ಸುಳ್ಳು. ಮನೆಯ ಬೆಕ್ಕು ಇಲಿ ಹಿಡಿಯುವುದು ಆಟಕ್ಕೆ. ಅದರಿಂದ ದಿನಾ ಹೊಟ್ಟೆ ತುಂಬುತ್ತದೆ ಅಂತ ನಂಬಿಕೊಂಡು ಇರಲಾಗದು. ಪಕ್ಕದ ಮನೆಯವರ ಇಲಿ ಪಾಷಾಣ ತಿಂದ ಇಲಿ ಸಿಕ್ಕರೆ ಇನ್ನೂ ಕಷ್ಟ. ನಾಯಿ ಎರಡು ದಿನ ಉಪವಾಸ ತಡೆದೀತು, ಬೆಕ್ಕು ತಡೆಯುವುದಿಲ್ಲ. ಎರಡು-ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗಿ ಕೂರುತ್ತದೆ, ದಪ್ಪ ಬೆಕ್ಕಿಗೆ ಇದು ಇನ್ನೂ ಬೇಗ. ಹಾಗಾಗಿ ಚಿನ್ನಿಯ ತಟ್ಟೆ ಖಾಲಿ ಆಗಿದೆಯಾ ಅಂತ ದಿನಾ ನೋಡಬೇಕು. ರಾಜಾ ಖಾಲಿ ಮಾಡಿದ್ದಲ್ಲ ಅಂತಲೂ ನೋಡಬೇಕು! ಬೆಕ್ಕಿನ ತಟ್ಟೆಯನ್ನು ಅಟ್ಟದ ಮೇಲೋ ಅಡುಗೆ ಕಟ್ಟೆಯ ಮೇಲೋ ಇಡಿ.

ಹೊರಡುವ ದಿನ ರಾಜಾನನ್ನು ತಬ್ಬಿಕೊಂಡು ಅಳಬೇಡಿ. ನೀವು ಒಗೆಯದ ಹಳೇ ಸೀರೆಯೊಂದನ್ನು ಅದರ ಹಾಸಿಗೆಗೆ ಹಾಕಿ, ಹುಡುಗ ಅದಕ್ಕೆ ಊಟ ಹಾಕುತ್ತಿರುವಾಗ ಸುಮ್ನೆ ಹೊರಡಿ. ಬಂದ ದಿನ ಸಂತೋಷಕ್ಕೆ ತಟ್ಟೆ ತುಂಬ ಮಟನ್ ಹಾಕಬೇಡಿ. ಮುಂದಿನ ಮೂರು ವಾರ ಊಟ, ಒಸಡು, ಮೈಬಿಸಿ ಮೇಲೆ ಕಣ್ಣಿಡಿ. ಉಣ್ಣಿ ಜ್ವರ ಬರುವುದಿದ್ದರೆ ಸಾಮಾನ್ಯವಾಗಿ ಆಗಲೇ ಬರುತ್ತದೆ.

ವಿಡಿಯೋ ಕಾಲ್ ಮಾಡಿ, ಆದರೆ ಹುಡುಗನಿಗೆ ಮಾಡಿ. ರಾಜಾನಿಗೆ ನಿಮ್ಮ ದನಿ ಕೇಳಿಸಬೇಡಿ. ದನಿ ಇದೆ, ಜನ ಇಲ್ಲ ಅಂದರೆ ಕೆಲವು ನಾಯಿಗಳು ಬಾಗಿಲು ಕೆರೆಯುತ್ತ ರಾತ್ರಿಯಿಡೀ ಹುಡುಕುತ್ತವೆ. ಫೋನನ್ನು ಮೌನಕ್ಕೆ ಹಾಕಿ ರಾಜಾ ಊಟ ಮಾಡುವುದನ್ನು, ನಡೆದಾಡುವುದನ್ನು ತೋರಿಸು ಅನ್ನಿ. ತಟ್ಟೆಯನ್ನೂ ತೋರಿಸು ಅನ್ನಿ.